ಹುಣಸೆಹಣ್ಣಿನಲ್ಲಿ ಉಜ್ಜಿದ ಲಕ್ಷ್ಮಿ

ಹೂಂಗುಟ್ಟುತ್ತಾ ಕೇಳುವುದಾದರೆ ಹೇಳುತ್ತೇನೆ. ನಡುವೆ ಹೂಂ ನಿಂತರೆ ಕತೆಯೂ ನಿಲ್ಲುತ್ತದೆ.

ಒಂದೂರು. ಆ ಊರಿನ ಹುಣಸೆ ಮಂಡಿಯ ಹಿಂದಿನ ಗಲ್ಲಿಯಲ್ಲಿ ಕೆಂಪನಂಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಬೋರೇಶ ಅಂತ ಒಬ್ಬನೇ ಮಗ. ಮಗನಿಗೆ ವಯಸ್ಸು ಮೂವತ್ತೆರಡು, ಮೈಯಲ್ಲಿ ಎರಡಾಳಿನ ಕಸುವು, ತಲೆಯಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ಹೇಳಿದ್ದನ್ನು ಹೇಳಿದಂತೆ ಮಾಡುವನು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ತಾಯಿ ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವವಳು. ಎಡಗಣ್ಣು ಹೋಗಿ ಎರಡು ವರ್ಷ. ಈಗ ಬಲಗಣ್ಣಿಗೂ ಅಂಚಿನಿಂದ ಕತ್ತಲು ಕವಿಯುತ್ತಿತ್ತು. ಶನಿವಾರ ಆಪರೇಷನ್ ಆಗಲೇಬೇಕು, ತಪ್ಪಿದರೆ ಈ ಕಣ್ಣೂ ಇಲ್ಲ ಅಂದಿದ್ದರು ಡಾಕ್ಟರು. ಅದರ ಹದಿನೈದು ಸಾವಿರ ರಾಗಿ ಡಬ್ಬಿಯಲ್ಲಿತ್ತು. ಕುರುಡಿಯಾದರೆ ಹೇಗೋ ತಡವರಿಸಿಕೊಂಡು ಬದುಕಿಯಾಳು. ಇವನನ್ನು ಕಾಯುವವರು ಯಾರು?

ಸೋಮವಾರ ಮಂಡಿಗೆ ಹೊರಡುವಾಗ ಹೇಳಿದಳು: "ಬೀದಿಗೆ ಹೋಗಬೇಡ. ಟಿವಿ ನೋಡ್ತಾ ಕೂತಿರು. ಯಾರಾದರೂ ಏನಾದರೂ ಹೇಳಿದರೆ ತಕ್ಷಣ ಮಾಡು. ನಾಳೆ ನಾಡಿದ್ದು ಅನ್ನಬೇಡ!"

"ಹೂಂ ಕಣವ್ವ."

ಸಂಜೆ ಬಂದು ನೋಡುತ್ತಾಳೆ, ರಾಗಿ ಡಬ್ಬಿ ಬಾಯಿ ತೆರೆದುಕೊಂಡು ನೆಲದ ಮೇಲೆ ಬಿದ್ದಿದೆ. ಬೋರೇಶನ ಮಡಿಲಲ್ಲಿ ಕೆಂಪು ಮಖಮಲ್ಲಿನ ಪೆಟ್ಟಿಗೆ. ಅದರಲ್ಲಿ ಅಂಗೈಯಗಲದ ಒಂದು ಬಿಳಿ ನಾಣ್ಯ.

"ಏನೋ ಇದು?"

"ಲಕ್ಷ್ಮಿ ಕಣವ್ವ! ಶುದ್ಧ ಬೆಳ್ಳಿ! ಲೋಕದಲ್ಲೆಲ್ಲ ಐನೂರೇ ಇರೋದಂತೆ. ಟಿವಿ ಅಕ್ಕ ಈಗಲೇ ಫೋನ್ ಮಾಡಿ, ಈಗಲೇ ಮಾಡಿ ಅಂದಳು. ಕೆಂಪು ಗಡಿಯಾರದಲ್ಲಿ ಅಂಕಿ ಇಳೀತಾ ಇತ್ತು. ಸೊನ್ನೆ ಆದರೆ ಏನಾಗುತ್ತೋ ಅಂತ ಭಯ ಆಯ್ತು, ಮಾಡಿಬಿಟ್ಟೆ. ಮಧ್ಯಾಹ್ನಕ್ಕೇ ತಂದುಕೊಟ್ಟರು!"

"ದುಡ್ಡು?"

"ಕೊಟ್ಟೆ. ಒಂದು ರೂಪಾಯಿ ಚಿಲ್ಲರೆ ವಾಪಸ್ ಬಂತು. ತಗೋ!"

ಕೆಂಪನಂಜಮ್ಮ ಖಾಲಿ ಡಬ್ಬಿ ಎತ್ತಿ ಕೊಡವಿದಳು. ಗಲ್ಲಿಗೆಲ್ಲ ಕೇಳುವಂತೆ ಕಿರುಚಿದಳು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಚಂದ್ರಯ್ಯ ಓಡಿ ಬಂದರು, ಪೆಟ್ಟಿಗೆಯೊಳಗಿನ ಚೀಟಿ ಓದಿದರು. "ಎದೆ ಒಡ್ಕೋಬೇಡ ನಂಜಮ್ಮ. ವಾರದೊಳಗೆ ಹಿಂದಕ್ಕೆ ಕೊಡಬಹುದು. ಒಂದು ಕಲೆಯೂ ಆಗಿರಬಾರದು ಅಷ್ಟೆ. ನಾನು ಫೋನ್ ಮಾಡ್ತೀನಿ, ಅವರ ಮನುಷ್ಯ ಬಂದು ತಗೊಂಡು ಹೋಗ್ತಾನೆ."

ತಾಯಿಗೆ ಉಸಿರು ಬಂತು. ಉಸಿರಿನ ಜೊತೆ ಬೈಗುಳವೂ ಬಂತು. "ಅಯ್ಯೋ ನಿನ್ನ ಬುದ್ಧಿಗಿಷ್ಟು! ಯಾರೇ ಬಾಗಿಲು ಬಡಿಯಲಿ, ಚಿಲಕ ತೆಗೀಬೇಡ! ಬೇಡ ಹೋಗಿ ಅಂತ ಅಟ್ಟಬೇಕು, ತಿಳೀತಾ?"

"ಹೂಂ ಕಣವ್ವ."

ಮಂಗಳವಾರ ಬಾಗಿಲು ಬಡಿದದ್ದು ನಾಣ್ಯದ ಕಂಪನಿಯ ಮನುಷ್ಯ.

"ವಾಪಸ್ ತಗೊಳ್ಳೋಕೆ ಬಂದಿದೀನಿ!"

"ಬೇಡ, ಹೋಗಿ!"

"ರೀ, ನೀವೇ ಕರೆಸಿದ್ದು!"

"ಬೇಡ, ಹೋಗಿ!"

ಹೋದ. ಬಾಗಿಲ ಸಂದಿಯಲ್ಲಿ ಚೀಟಿ ತುರುಕಿ ಹೋದ: ಇನ್ನೊಂದೇ ಸಲ ಬರುತ್ತೇವೆ, ಆಮೇಲಿಲ್ಲ.

ಮೇಷ್ಟ್ರು ಚೀಟಿ ಓದಿ ಹೇಳುವಾಗ ಕೆಂಪನಂಜಮ್ಮನಿಗೆ ಅವರ ಅರ್ಧ ಮುಖವಷ್ಟೇ ಕಾಣುತ್ತಿತ್ತು. ಉಳಿದರ್ಧ ಮಸಿ. ಮಂಡಿ ತಪ್ಪಿಸಿ ಮನೆಯಲ್ಲಿ ಕೂರೋಣವೆಂದರೆ, ಒಂದು ದಿನ ಬಾರದವಳ ಜಾಗಕ್ಕೆ ಮರುದಿನ ಇನ್ನೊಬ್ಬಳು. "ಮುಂಡೇದೇ!" ಅಂದಳು ಮಗನಿಗೆ. "ಬಂದವರನ್ನ ಅಟ್ಟುತ್ತಾರೇನೋ? ಒಳಗೆ ಕರಿ! ಕೂರಿಸು! ನೀರು ಕೊಡು! ನಾನು ಬರೋವರೆಗೂ ಹೊರಗೆ ಬಿಡಬೇಡ!"

"ಹೂಂ ಕಣವ್ವ."

ಗುರುವಾರ ಸಂಜೆ. ಗಲ್ಲಿಯ ತಿರುವಿನಲ್ಲೇ ಹೆಂಗಸಿನ ಚೀರಾಟ ಕೇಳಿಸಿತು. ತನ್ನ ಮನೆಯಿಂದಲೇ! ಗೋಡೆ ಹಿಡಿದು, ಎಡವಿ, ಓಡಿದಳು. ಹೊರಗೆ ಜನ. ಒಳಗೆ ಆಸ್ಪತ್ರೆಯ ನರ್ಸು ಸುಕನ್ಯಾ, ಮುಖ ಕೆಂಪಗೆ, ಸೆರಗು ಒದ್ದೆ. ಕಣ್ಣಿಗೆ ಹಾಕುವ ಔಷಧಿ ಕೊಟ್ಟು, ಶನಿವಾರ ಹತ್ತಕ್ಕೆ ಬನ್ನಿ ಎಂದು ಹೇಳಿಹೋಗಲು ಬಂದವಳನ್ನು ಬೋರೇಶ ಹನ್ನೆರಡು ಗಂಟೆಯಿಂದ ಕೂಡಿಹಾಕಿದ್ದ. ಹನ್ನೊಂದು ಲೋಟ ನೀರು ಕುಡಿಸಿದ್ದ.

"ಪೊಲೀಸರಿಗೆ ಹೇಳ್ತೀನಿ! ನಿಮ್ಮ ಆಪರೇಷನ್ನೂ ಬೇಡ, ನಿಮ್ಮ ಸಹವಾಸವೂ ಬೇಡ!"

ಕೆಂಪನಂಜಮ್ಮ ಅವಳ ಕಾಲು ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಕೊನೆಗೆ ಆ ಹುಡುಗಿಯೇ ಅತ್ತುಬಿಟ್ಟಳು. "ಏಳಿ ಅಮ್ಮ, ಶನಿವಾರ ಬನ್ನಿ. ದುಡ್ಡು ತನ್ನಿ. ಇವನನ್ನ ಮಾತ್ರ ತರಬೇಡಿ."

ಅವತ್ತು ಬೈಯಲೂ ಹೆದರಿಕೆಯಾಯಿತು ತಾಯಿಗೆ. ಬೈದರೆ ಬುದ್ಧಿ ಹೇಳಬೇಕು. ಹೇಳಿದ ಬುದ್ಧಿ ನಾಳೆ ಏನಾಗಿ ಎದುರು ನಿಲ್ಲುತ್ತದೋ! ಆದರೂ ಬಾಯಿ ತಡೆಯಲಿಲ್ಲ. "ಯಾರ ತಂಟೆಗೂ ಹೋಗಬೇಡ ಕಣೋ. ಆ ನಾಣ್ಯ ಒಂದು ಚೊಕ್ಕಟವಾಗಿರಲಿ, ಅಷ್ಟು ಸಾಕು."

"ಚೊಕ್ಕಟವಾಗಿ. ಹೂಂ ಕಣವ್ವ."

ಶುಕ್ರವಾರ ಬಂದು ನೋಡಿದರೆ ಬಚ್ಚಲಲ್ಲಿ ಕೂತಿದ್ದಾನೆ. ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ಹುಣಸೆಹಣ್ಣು, ಮುಂದೆ ಬೂದಿ. ಬೆಳಗಿನಿಂದ ಉಜ್ಜಿದ್ದಾನೆ. ಲಕ್ಷ್ಮಿಯ ಮೂಗು ಹೋಗಿದೆ, ಕಮಲ ಹೋಗಿದೆ, ಬಿಳಿಯೆಲ್ಲ ಹೋಗಿ ಸೀಸದಂಥ ಕಪ್ಪು ಬಿಲ್ಲೆ ಉಳಿದಿದೆ.

ತಾಯಿ ತಲೆ ಚಚ್ಚಿಕೊಂಡಳು. "ಮುಗೀತು! ಇನ್ನು ಯಾರು ತಗೋತಾರೆ ಇದನ್ನ? ನನ್ನ ಕಣ್ಣು ಮುಗೀತು!"

ಮೇಷ್ಟ್ರು ಬಿಲ್ಲೆಯನ್ನು ತಿರುಗಿಸಿ ನೋಡಿದರು, ನಕ್ಕರು. "ನಂಜಮ್ಮ, ಬೆಳ್ಳಿಯಾಗಿದ್ದರೆ ಉಜ್ಜಿದಷ್ಟೂ ಹೊಳೀಬೇಕಿತ್ತು. ಇದು ಬರೀ ಬೆಳ್ಳಿ ಬಣ್ಣ! ಮೋಸ ಸಿಕ್ಕಿಬಿತ್ತು!" ಅಲ್ಲೇ ನಿಂತು ಫೋನ್ ಮಾಡಿದರು. ಬಿಲ್ಲೆ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೊರಟಿದ್ದೇನೆ ಅಂದರು. ಆ ಕಡೆಯ ಧ್ವನಿ ಮೆತ್ತಗಾಯಿತು: ಬೇಡ ಸಾರ್, ನಾಳೆ ಬೆಳಿಗ್ಗೆ ದುಡ್ಡು ಕೈಗೇ ತಂದುಕೊಡ್ತೀವಿ, ನಾಣ್ಯ ಕೊಟ್ಟುಬಿಡಿ.

ಆ ಸಂತೋಷದಲ್ಲಿ ಕೆಂಪನಂಜಮ್ಮ ಮಗನ ತಲೆ ಸವರಿದಳು. ಮೂವತ್ತೆರಡು ವರ್ಷದಲ್ಲಿ ಅವನು ಕೇಳಿದ ಮೊದಲ ಹೊಗಳಿಕೆ ಅದು. "ನನ್ನಪ್ಪ! ನೀನು ಉಜ್ಜಿದ್ದಕ್ಕೇ ಅಲ್ಲವೇನೋ ಸುಳ್ಳು ಹೊರಗೆ ಬಿದ್ದದ್ದು! ಹಾಗೇ ಮಾಡಬೇಕು. ಇನ್ನುಮೇಲೆ ಯಾರು ಏನು ಕೊಟ್ಟರೂ ಉಜ್ಜಿ ನೋಡಬೇಕು!"

ಬೋರೇಶನ ಮುಖ ಅರಳಿತು. "ಉಜ್ಜಿ ನೋಡಬೇಕು. ಹೂಂ ಕಣವ್ವ!"

ಶನಿವಾರ ತಾಯಿ ಮಂಡಿಗೆ ಹೋಗಲಿಲ್ಲ. ಒಂಬತ್ತಕ್ಕೆ ಕಂಪನಿಯ ಮನುಷ್ಯ ಬಂದ. ಮುಖ ಸಿಂಡರಿಸಿಕೊಂಡು ಹದಿನೈದು ಸಾವಿರ ಕೊಟ್ಟ, ಬಿಲ್ಲೆ ತೆಗೆದುಕೊಂಡ, ಗಲ್ಲಿಯ ತುದಿಯ ಟೀ ಅಂಗಡಿಯಲ್ಲಿ ನಿಂತ. ಕೆಂಪನಂಜಮ್ಮ ನೋಟುಗಳನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟಳು. ಹತ್ತಕ್ಕೆ ಆಸ್ಪತ್ರೆ. ಆಟೋ ಕರೆಯಬೇಕು, ರಸ್ತೆಗೆ ಹೋಗಬೇಕು. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಅರೆಗಣ್ಣಿನಲ್ಲಿ ಅಷ್ಟು ದುಡ್ಡು ಹಿಡಿದು ರಸ್ತೆಗಿಳಿಯಲು ಧೈರ್ಯವಿಲ್ಲ.

ಬಾಗಿಲಲ್ಲಿ ಮೂರು ಸಲ ನಿಂತಳು. ಏನು ಹೇಳಲಿ? ಏನೂ ಹೇಳದೆ ಹೋಗಲೇ? ಕೊನೆಗೆ ತೂಗಿ ತೂಗಿ ಒಂದೇ ಮಾತು ಹೇಳಿದಳು: "ಯಾರೇ ಬಂದು ಕೇಳಲಿ, ಆ ದುಡ್ಡು ಕೊಡಬೇಡ."

"ಹೂಂ ಕಣವ್ವ."

ಆಟೋ ಸಿಕ್ಕಿತು. ಗಲ್ಲಿಯೊಳಗೆ ಬಂತು. ಬಾಗಿಲಲ್ಲಿ ಮಗ ನಗುತ್ತಾ ನಿಂತಿದ್ದ. ಮೊಣಕೈವರೆಗೆ ಬೂದಿ. ಬೆರಳಿನಿಂದ ಹುಣಸೆ ರಸ ತೊಟ್ಟಿಕ್ಕುತ್ತಿತ್ತು.

ಕೆಂಪನಂಜಮ್ಮ ಆಟೋದಿಂದ ಇಳಿದೇಬಿಟ್ಟಳು. "ಬೋರೇಶಾ... ದುಡ್ಡು?"

"ಹೆದರಬೇಡ ಕಣವ್ವ! ಮೋಸ ಹೋಗೋದು ತಪ್ಪಿತು! ಒಂದು ನೋಟು ಉಜ್ಜಿ ನೋಡಿದೆ. ಬಣ್ಣ ಬಿಟ್ಟಿತು, ಹರಿದುಹೋಯ್ತು, ಮುದ್ದೆಯಾಯ್ತು. ಪೂರಾ ಸುಳ್ಳು!"

"ಉಳಿದದ್ದು? ಉಳಿದದ್ದೆಲ್ಲೋ?"

"ಟೀ ಅಂಗಡಿಗೆ ಓಡಿದೆ. ಅವನ ಕೈಗೇ ತುರುಕಿದೆ. ನಿನ್ನ ಸುಳ್ಳು ನೋಟು ನೀನೇ ಇಟ್ಕೋ ಅಂದೆ! ಪಾಪ, ತಪ್ಪು ಒಪ್ಪಿಕೊಂಡ, ಒಂದು ಮಾತೂ ಆಡಲಿಲ್ಲ. ಬೈಕ್ ಹತ್ತಿ ಹೋಗಿಯೇಬಿಟ್ಟ."

"ಕೊಡಬೇಡ ಅಂದಿದ್ದೆನಲ್ಲೋ!"

"ಯಾರೂ ಬಂದು ಕೇಳಲಿಲ್ಲವಲ್ಲವ್ವ! ನಾನೇ ಹೋಗಿ ಕೊಟ್ಟೆ."

ಆಟೋದವನು ಹಾರ್ನ್ ಹೊಡೆದ. ಕೆಂಪನಂಜಮ್ಮ ಬಾಗಿಲ ಚೌಕಟ್ಟು ಹುಡುಕಿದಳು; ಕೈಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ. ಬೋರೇಶ ಅವಳ ಅಂಗೈ ಬಿಡಿಸಿ, ತಣ್ಣಗಿನ ಕಪ್ಪು ಬಿಲ್ಲೆಯನ್ನು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದ.

"ಇದನ್ನ ವಾಪಸ್ ಇಸ್ಕೊಂಡೆ ಕಣವ್ವ. ಒತ್ತಿ ನೋಡು! ದಿನವೆಲ್ಲಾ ಉಜ್ಜಿದರೂ ಹೇಗೆ ಗಟ್ಟಿಯಾಗಿ ನಿಂತಿದೆ!"