ಟ್ಯಾಂಕಿನ ಎರಡು ತಗ್ಗು

"ಗುರುಗಳೇ, ನಮ್ಮ ತಂದೆ ಬದುಕಿದ್ದಷ್ಟು ದಿನ ನನಗೊಂದು ಪ್ರೀತಿಯ ಮಾತು ಆಡಲಿಲ್ಲ. ನಾಳೆ ಅವರ ತಿಥಿ. ಇಲ್ಲದ ಪ್ರೀತಿಯನ್ನು ಇತ್ತು ಎಂದುಕೊಂಡು ಎಡೆ ಇಡಲೇ?" ಎಂದು ಶಿಷ್ಯ ಸಿದ್ಧವೀರ ಕೇಳಿದ.

"ನಿನಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತದೆಯೇ?" ಎಂದರು ಗುರುಗಳು.

"ಇಲ್ಲ."

"ಹಾಗಾದರೆ ನಿಧಾನವಾಗಿಯೇ ಹೇಳುತ್ತೇನೆ, ಕೇಳು."

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮಾತಿನಲ್ಲಿ ಬಲು ಜಿಪುಣ. ಸಂತೆಯಿಂದ ಸಂತೆಗೆ ಮೋಟಾರ್ ಸೈಕಲ್ ಮೇಲೆ ತಿರುಗುತ್ತಿದ್ದ. ದೂರದ ಸಂತೆಗಳಿಗೆ ಪೆಟ್ರೋಲ್ ಸಾಲದೆಂದು ದೊಡ್ಡ ಗಾಡಿಯ ಟ್ಯಾಂಕೊಂದನ್ನು ಹುಡುಕಿ ತಂದು ಕೂರಿಸಿದ್ದ. ಆ ಟ್ಯಾಂಕೆಂದರೆ ಅವನಿಗೆ ಪ್ರಾಣ. ದಿನವೂ ಒರೆಸುತ್ತಿದ್ದ, ಬೇರೆಯವರು ಕೈ ಇಟ್ಟರೆ ಸಿಡುಕುತ್ತಿದ್ದ.

ಅವನು ತೀರಿಕೊಂಡ ಮೇಲೆ ಗಾಡಿ ಮಗಳಿಗೆ ಬಂತು. ಟ್ಯಾಂಕಿನ ಮುಂಭಾಗದಲ್ಲಿ, ಹ್ಯಾಂಡಲ್ ಕೆಳಗೆ, ಎಡಕ್ಕೊಂದು ಬಲಕ್ಕೊಂದು ತಗ್ಗು ಬಿದ್ದಿತ್ತು. ಅವಳು ಗಾಡಿಯನ್ನು ಮೆಕ್ಯಾನಿಕ್ ಬಳಿ ತಂದಳು.

"ಅಪ್ಪ ಎಲ್ಲೋ ಗುದ್ದಿಸ್ಕೊಂಡಿರ್ಬೇಕು. ತಗ್ಗು ತುಂಬಿ ಬಣ್ಣ ಹೊಡೀರಿ. ಈ ಟ್ಯಾಂಕ್ ಮೇಲಿದ್ದ ಅಕ್ಕರೆ ಅವರಿಗೆ ನನ್ನ ಮೇಲಿರ್ಲಿಲ್ಲ," ಎಂದಳು.

ಮೆಕ್ಯಾನಿಕ್ ಟ್ಯಾಂಕ್ ಬಿಚ್ಚಿ ಬಣ್ಣ ಕೆರೆದ. ಎರಡು ತಗ್ಗೂ ಒಂದೇ ಅಳತೆ. ಗಾಡಿ ಬಿದ್ದರೆ ಒಂದೇ ಮಗ್ಗುಲಿಗೆ ಪೆಟ್ಟಾಗುತ್ತದೆ. ಇದು ಯಾರೋ ಕೂತು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಮಾಡಿದ್ದು. ದೊಡ್ಡ ಟ್ಯಾಂಕಲ್ಲವೇ, ತಿರುಗಿಸಿದಾಗ ಹ್ಯಾಂಡಲ್ ತಾಗುತ್ತಿತ್ತೇನೋ ಎಂದುಕೊಂಡು ಟ್ಯಾಂಕನ್ನು ಮತ್ತೆ ಕೂರಿಸಿದ. ತಗ್ಗಿನ ಮೇಲೆ ಅಡ್ಡಕ್ಕೆ ಅಡಿಪಟ್ಟಿ ಇಟ್ಟು, ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಅಳೆದ. ತಗ್ಗಿಲ್ಲದಿದ್ದರೂ ಅರ್ಧ ಬೆರಳು ದಪ್ಪದಷ್ಟು ಸಂದು ಉಳಿಯುತ್ತಿತ್ತು. ಹ್ಯಾಂಡಲ್ ತಿರುಗಲು ಅಷ್ಟು ಧಾರಾಳವಾಗಿ ಸಾಕು. ಗಾಡಿ ಓಡಿಸುವವರು ಆ ಜಾಗದಲ್ಲಿ ಕೈ ಇಡುವುದೂ ಇಲ್ಲ. ಮತ್ತೆ ವ್ಯಾಪಾರಿ ಯಾಕೆ ಬಡಿದ?

ಬಹಳ ಹೊತ್ತು ಯೋಚಿಸಿ ಅವನು ವ್ಯಾಪಾರಿಯ ಮಗಳನ್ನು ಕರೆದ.

"ಚಿಕ್ಕೋಳಿದ್ದಾಗ ಎಲ್ಲಿ ಕೂತ್ಕೋತಿದ್ದೆ, ತಾಯಿ?"

"ಇದೇ ಟ್ಯಾಂಕ್ ಮೇಲೆ. ಹ್ಯಾಂಡಲ್ ಹಿಡ್ಕೊಂಡು."

"ಎಲ್ಲಿ ಹಿಡೀತಿದ್ದೆ, ತೋರ್ಸು."

ಅವಳು ಎರಡೂ ಕೈ ಚಾಚಿ ಹಿಡಿದಳು. ಬೆರಳುಗಳ ಕೆಳಗೆ ಸರಿಯಾಗಿ ಆ ಎರಡು ತಗ್ಗುಗಳಿದ್ದವು. ಮೆಕ್ಯಾನಿಕ್ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದ, ಪೂರ್ತಿ ಬಲಕ್ಕೆ ತಿರುಗಿಸಿದ. ಬೆರಳು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ತಗ್ಗು ತುಂಬುವುದು ಬೇಡ ಎಂದು ಹೇಳಿ ಗಾಡಿಯನ್ನು ಹಾಗೆಯೇ ಮನೆಗೆ ಒಯ್ದಳು.

ಕಥೆ ಕೇಳಿದ ಸಿದ್ಧವೀರ, "ನನ್ನ ತಂದೆ ನನಗಾಗಿ ಏನನ್ನೂ ಬಡಿದು ತಗ್ಗು ಮಾಡಿದ ನೆನಪಿಲ್ಲ, ಗುರುಗಳೇ," ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈ ಇಟ್ಟು ಹೇಳಿದರು: "ಆದ ನೋವೆಲ್ಲ ನಿನಗೆ ನೆನಪಿದೆ ಮಗು, ಆಗದೇ ಹೋದ ನೋವನ್ನು ಯಾರು ತಪ್ಪಿಸಿದರು?"