ಬೀದಿಗೆ ಬೆನ್ನು ಹಾಕಿದ ಗೊಂಬೆಯಾಟ

“ಗುರುಗಳೇ, ನನ್ನ ಪ್ರವಚನಕ್ಕೆ ಜನ ಬರುತ್ತಿಲ್ಲ. ಅವರಿಗೆ ಹಿಡಿಸುವಂತೆ ಮಾತನ್ನು ಸ್ವಲ್ಪ ಹಗುರ ಮಾಡಲೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಕಡಲಾಚೆಯ ಮಲಯ ನಾಡಿನ ಒಂದು ಬಂದರಿನಲ್ಲಿ ಕಡಲ ದೇವಿಯ ಹಳೆಯ ಗುಡಿಯಿತ್ತು. ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದ ಚೀನೀಯರು ಕಟ್ಟಿದ್ದು. ಮೊದಲು ದೇವಿಗೆ ಸೂರು ಮಾಡಿ ಆಮೇಲೆ ತಮಗೆ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ ದೇವಿಯ ಹುಟ್ಟುಹಬ್ಬಕ್ಕೆ ಅಲ್ಲಿ ಮೂರು ದಿನ ಸೂತ್ರದ ಗೊಂಬೆಯಾಟ. ಆಟದ ರಂಗ ಗರ್ಭಗುಡಿಗೆ ಮುಖ ಮಾಡಿರಬೇಕು, ಮುಂದಿನ ಬೆಂಚು ದೇವಿಗೆಂದು ಖಾಲಿ ಇರಬೇಕು. ಇದು ಕಟ್ಟಳೆ.

ಗೊಂಬೆಯಾಡಿಸುವವಳು ಒಬ್ಬ ಮುದುಕಿ. ಒಂದು ವರ್ಷ ಗುಡಿಯ ಮೊಕ್ತೇಸರ ಆಕೆಯನ್ನು ಕರೆದು, “ಅಜ್ಜಿ, ಹೋದ ಸಲ ನಿನ್ನ ಆಟ ನೋಡಿದ್ದು ಎರಡು ನಾಯಿ. ಅದರಲ್ಲೊಂದು ನಿದ್ದೆ ಹೋಗಿತ್ತು. ಈ ಸಲವೂ ಅಂಗಳ ತುಂಬದಿದ್ದರೆ ಮುಂದಿನ ವರ್ಷದಿಂದ ಪರದೆ ಕಟ್ಟಿ ಸಿನಿಮಾ ತೋರಿಸುತ್ತೇವೆ” ಎಂದ.

ತಂದೆಯಿಂದ ಕಲಿತ ವಿದ್ಯೆ ತನ್ನ ಕೈಯಲ್ಲೇ ಮುಗಿಯುವುದೇ ಎಂದು ಮುದುಕಿಗೆ ದಿಗಿಲಾಯಿತು. ಕಟ್ಟಳೆ ಮುರಿದು ರಂಗವನ್ನು ಬೀದಿಯ ಕಡೆಗೆ ತಿರುಗಿಸಿದಳು. ಗೊಂಬೆ ಲಾಗ ಹಾಕಿತು, ಕಾಲೆತ್ತಿ ಒದೆಯಿತು. ದಾರಿಹೋಕರು ನಿಂತರು, ನಕ್ಕರು, ಹೋದರು. ಎರಡನೆಯ ದಿನವೂ ಅಷ್ಟೇ. ಅಂಗಳಕ್ಕೆ ಯಾರೂ ಕಾಲಿಡಲಿಲ್ಲ.

ಆ ಸಂಜೆ ಗೊಂಬೆಯನ್ನು ಸುತ್ತಿಡುವಾಗ ಆಕೆ ಅದರ ದಾರಗಳನ್ನು ಗಮನಿಸಿದಳು. ಇದ್ದದ್ದು ಮೂವತ್ತು. ಕುಣಿಸಲು ಹತ್ತು ಸಾಕಾಗಿತ್ತು. ರೆಪ್ಪೆಯ ದಾರ, ಬೆರಳಿನ ದಾರ, ಕೊರಳಿನ ದಾರ, ಇವನ್ನು ಎರಡು ದಿನದಿಂದ ಮುಟ್ಟಿಯೇ ಇರಲಿಲ್ಲ. ‘ಅಪ್ಪ ಇದ್ದಿದ್ದರೆ ಕೈಗೆ ಬಾರಿಸುತ್ತಿದ್ದ’ ಎಂದುಕೊಂಡಳು.

ಮೂರನೆಯ ದಿನ ರಂಗವನ್ನು ಮತ್ತೆ ದೇವಿಯ ಕಡೆಗೆ ತಿರುಗಿಸಿದಳು. ಬೀದಿಗೆ ಕಂಡದ್ದು ಬರಿಯ ಹಿಂಬದಿಯ ಬಟ್ಟೆ. ದಾರಿ ತಪ್ಪಿದ ಹಡಗಿಗಾಗಿ ದಡದಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಕತೆಯನ್ನು ಎತ್ತಿಕೊಂಡಳು. ಮೂವತ್ತು ದಾರಗಳೂ ಆಡಿದವು. ಗೊಂಬೆ ಗಾಳಿಗೆ ಅಂಗೈ ಅಡ್ಡ ಹಿಡಿದು ದೀಪ ಆರದಂತೆ ಕಾಯಿತು.

ಹೊರಗೆ ಮೀನು ಮಾರುವವಳೊಬ್ಬಳು ಬುಟ್ಟಿ ಇಳಿಸಿದಳು. “ಎರಡು ದಿನ ನಮಗೆ ಕೋತಿ ಕುಣಿಸಿದಳು. ದೇವಿಗೆ ಮಾತ್ರ ಅದೇನು ತೋರಿಸುತ್ತಾಳೋ, ನೋಡೇಬಿಡೋಣ ಬನ್ನಿ” ಎಂದು ಒಳಗೆ ನಡೆದಳು. ಹಿಂದೆ ನಾಲ್ವರು ಹೋದರು. ಹೋದವರು ಹೊರಗೆ ಬರಲಿಲ್ಲ. ಅದನ್ನು ಕಂಡು ನಲವತ್ತು ಜನ ಹೋದರು. ಅಂಗಳ ತುಂಬಿತು, ಜಗಲಿ ತುಂಬಿತು, ಜನ ಗೋಡೆ ಹತ್ತಿ ಕುಳಿತರು.

ಮೊಕ್ತೇಸರ ಬಂದಾಗ ಕಾಲೂರಲು ಜಾಗವಿಲ್ಲ. ಮುಂದಿನ ಖಾಲಿ ಬೆಂಚಿನತ್ತ ಸರಿದ. “ಅದು ದೇವಿಯ ಜಾಗ ಸ್ವಾಮಿ, ನಿಂತೇ ನೋಡಿ” ಎಂದು ಮೀನಿನವಳು ಪಿಸುಗುಟ್ಟಿದಳು. ಮೊಕ್ತೇಸರ ಕಂಬಕ್ಕೊರಗಿ ಕೊನೆಯವರೆಗೂ ನಿಂತ. ಆಟ ಮುಗಿದದ್ದೇ ತಡ, ಮುದುಕಿಯ ಬಳಿ ಹೋಗಿ, “ಬರುವ ವರ್ಷವೂ ನಿಮ್ಮದೇ ಆಟ, ಅಜ್ಜಿ” ಎಂದ.

ಕತೆ ಕೇಳಿ ಶಿಷ್ಯನ ಮುಖ ಅರಳಿತು. “ಜನ ಬಂದು ಬಂದು ಸೇರುವುದನ್ನು ಕಂಡು ಆಕೆಯ ಕೈಗೆ ಎಂಥ ಹುರುಪು ಬಂದಿರಬೇಕು ಗುರುಗಳೇ!” ಎಂದ.

“ಆಕೆ ತಲೆಯೆತ್ತಿ ನೋಡಿದ್ದೇ ಗೊಂಬೆಯನ್ನು ಪೆಟ್ಟಿಗೆಗೆ ಇಳಿಸಿದ ಮೇಲೆ” ಎಂದರು ಗುರುಗಳು.