ಮುಳ್ಳುಬೇಲಿಯೊಳಗಿನ ಬಿದಿರಕ್ಕಿ

"ಗುರುಗಳೇ, ಮಕ್ಕಳ ಕಾಲ ಹೇಗಿರುತ್ತದೋ ಎಂದು ನೆನೆದರೆ ಊಟ ಸೇರುವುದಿಲ್ಲ. ಅವರಿಗಾಗಿ ಎಷ್ಟು ಕೂಡಿಟ್ಟರೆ ಸಾಕು?" ಎಂದು ಶಿಷ್ಯ ಕೇಳಿದ.

"ಈವರೆಗೆ ಕೂಡಿಟ್ಟದ್ದು ಸಾಕೆನಿಸಿತೇ?"

"ಇಲ್ಲ. ಕೂಡಿಟ್ಟಷ್ಟೂ ಸಾಲದೆನಿಸುತ್ತದೆ."

ಗುರು ಈ ಕತೆ ಹೇಳಿದರು.

ಒಂದು ಗುಡ್ಡದ ಕೆಳಗೆ ಬುಟ್ಟಿ ಹೆಣೆಯುವವರ ಕೇರಿಯಿತ್ತು. ಗುಡ್ಡದ ತುಂಬ ಬಿದಿರು. ಬಲಿತದ್ದನ್ನು ಮಾತ್ರ ಕಡಿಯುವುದು, ಎಳೆಯದನ್ನು ಬಿಡುವುದು ಅವರ ರೂಢಿ. ಹಾಗಾಗಿ ಬಿದಿರು ಎಂದೂ ತೀರಿರಲಿಲ್ಲ.

ಬಿದಿರು ಹೂ ಬಿಡುವುದು ಅರವತ್ತು ವರ್ಷಕ್ಕೊಮ್ಮೆ ಎನ್ನುತ್ತಾರೆ. ಆಗ ಗುಡ್ಡದ ಮೆಳೆಗಳೆಲ್ಲ ಒಟ್ಟಿಗೆ ಹೂ ಬಿಟ್ಟು, ಅಕ್ಕಿಯಂಥ ಬೀಜ ಉದುರಿಸಿ, ಒಟ್ಟಿಗೆ ಸಾಯುತ್ತವೆ. ಉದುರಿದ್ದು ಮೊಳೆತರೆ ಮಾತ್ರ ಮುಂದೆ ಬಿದಿರು. ಆ ವರ್ಷಕ್ಕೆಂದೇ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿ ಮನೆಯವರೂ ಒಂದು ಮೆಳೆಯ ಸುತ್ತ ಮುಳ್ಳುಬೇಲಿ ಕಟ್ಟಬೇಕು. ಬೇಲಿಯ ಹೊರಗೆ ಬಿದ್ದ ಬಿದಿರಕ್ಕಿಯನ್ನು ಗುಡಿಸಿ ತಂದು ಉಣ್ಣಬಹುದು. ಒಳಗಿನದನ್ನು ಮುಟ್ಟುವಂತಿಲ್ಲ.

ಕೇರಿಯ ಒಬ್ಬ ಯಜಮಾನನ ಕಾಲದಲ್ಲಿ ಬಿದಿರು ಹೂ ಬಿಟ್ಟಿತು. ಅವನ ಸೊಸೆ ಆಗ ಬಸುರಿ. ಯಜಮಾನ ಕಟ್ಟಳೆಯಂತೆ ಬೇಲಿ ಕಟ್ಟಿದ. ಹೊರಗಿನ ಅಕ್ಕಿಯನ್ನು ತಂದು, ಹುಳು ಬೀಳದಿರಲೆಂದು ಬತ್ತ ಬೇಯಿಸುವ ಹಾಗೆ ಬೇಯಿಸಿ, ಒಣಗಿಸಿ, ಕಾಳು ಕೂಡಿಡುವ ಮಣ್ಣಿನ ವಾಡೆಗೆ ತುಂಬಿದ. ಮನೆಯವರಿಗೆ ವರ್ಷಕ್ಕೆ ಸಾಕಾಗುವಷ್ಟಿತ್ತು.

ಆದರೆ ಬಿದಿರಕ್ಕಿಯ ವಾಸನೆಗೆ ಇಲಿಗಳು ಬಂದವು. ಮೊದಲು ಕೆಲವು, ಆಮೇಲೆ ಹಿಂಡುಹಿಂಡು. ಬೇಲಿಯೊಳಗೂ ನುಗ್ಗಿದವು. ಬೆಳಗಾದರೆ ಯಜಮಾನ ಗುಡ್ಡಕ್ಕೆ ಓಡಿ ಬೇಲಿಯೊಳಗೆ ಇಣುಕುತ್ತಿದ್ದ. ನಿನ್ನೆಗಿಂತ ಇಂದು ಕಡಿಮೆ ಕಾಣುತ್ತಿತ್ತು. ಮನೆಗೆ ಬಂದು ವಾಡೆಯೊಳಗೆ ಕೈಯಿಳಿಸಿ ನೋಡುತ್ತಿದ್ದ. ಅದೂ ಇಳಿದಂತೆ ಕಾಣುತ್ತಿತ್ತು. ಮಳೆ ತಡವಾದರೆ? ಪೇಟೆಯಲ್ಲಿ ಬುಟ್ಟಿ ಕೊಳ್ಳುವವರೇ ಇಲ್ಲದಿದ್ದರೆ? ಹುಟ್ಟುವ ಮಗುವಿಗೆ ಗಂಜಿಯೂ ಸಿಗದಿದ್ದರೆ?

ಒಂದು ದಿನ ಅವನು ಪೊರಕೆ, ಬುಟ್ಟಿ ಹಿಡಿದು ಹೊರಟ. ಅವನ ಮುದಿ ತಾಯಿ ಜಗುಲಿಯಲ್ಲಿ ಕೂತು ಬಿದಿರ ಸೀಳು ಹೆರೆಯುತ್ತಿದ್ದಳು. ಹಿಂದಿನ ಸಲ ಬಿದಿರು ಹೂ ಬಿಟ್ಟದ್ದನ್ನು ಕಂಡಿದ್ದವಳು ಕೇರಿಯಲ್ಲಿ ಅವಳೊಬ್ಬಳೇ.

"ಎತ್ತ ಹೊರಟೆಯೋ ಪೊರಕೆ ಹಿಡಿದು? ಗುಡ್ಡಕ್ಕೆ ನೆಂಟರು ಬರುತ್ತಾರೇನು?"

"ಬೇಲಿಯೊಳಗಿನದನ್ನು ಇಲಿ ತಿಂದು ಮುಗಿಸುತ್ತಿವೆ, ಅವ್ವಾ. ಇಲಿ ತಿನ್ನುವ ಬದಲು ನಿನ್ನ ಮರಿಮಗ ತಿನ್ನಲಿ."

"ನಾನು ಹುಡುಗಿಯಾಗಿದ್ದಾಗಲೂ ಇಲಿ ತಿಂದಿದ್ದವು. ತಿಂದು ಮಿಗುವಷ್ಟು ಉದುರಿಸುವುದು ಬಿದಿರಿಗೆ ಗೊತ್ತು. ಇಲಿ ಪೊರಕೆ ಹಿಡಿಯುವುದಿಲ್ಲ, ಮಗಾ."

"ನಿನಗೇನು, ಕೂತು ಹೇಳುತ್ತೀಯ. ನಾಳೆ ವಾಡೆ ಬರಿದಾದರೆ ಆ ಮಗುವಿನ ಮುಖ ನೋಡಬೇಕಾದವನು ನಾನು."

ಅವನು ಬೇಲಿ ಕಿತ್ತು, ಮೆಳೆಯ ಬುಡವನ್ನು ಮಣ್ಣು ಕಾಣುವ ಹಾಗೆ ಗುಡಿಸಿದ. ಯಜಮಾನನೇ ಗುಡಿಸಿದ ಮೇಲೆ ನಾವೇಕೆ ಇಲಿಗೆ ಬಿಡಬೇಕು ಎಂದು ಉಳಿದವರೂ ತಮ್ಮ ತಮ್ಮ ಬೇಲಿ ಕಿತ್ತರು. ಅದನ್ನೂ ಬೇಯಿಸಿ, ಒಣಗಿಸಿ, ತುಂಬಿಟ್ಟರು.

ಮಳೆ ಹೊತ್ತಿಗೆ ಸರಿಯಾಗಿ ಬಂತು. ಸೊಸೆ ಗಂಡುಮಗು ಹೆತ್ತಳು. ವಾಡೆಯಲ್ಲಿ ಅರ್ಧಕ್ಕೂ ಮೇಲೆ ಅಕ್ಕಿ ಮಿಕ್ಕಿತ್ತು.

ಆಗ ಯಜಮಾನನಿಗೆ ಗುಡ್ಡದ ನೆನಪಾಯಿತು. ಹೋಗಿ ನೋಡಿದ. ಒಣಗಿದ ಮೆಳೆಗಳ ಬುಡದಲ್ಲಿ ಹುಲ್ಲು ಮೊಳೆತಿತ್ತು. ಬಿದಿರು ಮೊಳೆತಿರಲಿಲ್ಲ. ಓಡಿ ಬಂದು ವಾಡೆಯಿಂದ ಬುಟ್ಟಿ ತುಂಬ ಅಕ್ಕಿ ಒಯ್ದು ಬಿತ್ತಿದ. ದಿನವೂ ಹೋಗಿ ಮಣ್ಣು ಕೆದಕಿದ. ಬೆಂದ ಬೀಜ ಮಣ್ಣಿನಲ್ಲಿ ಕೊಳೆಯುತ್ತಿತ್ತು. ಆದರೂ ಮರುದಿನ ಹೋಗಿ ಮತ್ತೆ ಕೆದಕಿದ.

ಸತ್ತ ಬಿದಿರು ಕೆಲವು ವರ್ಷ ಕೆಲಸಕ್ಕೆ ಬಂತು. ಆಮೇಲೆ ಅದಕ್ಕೂ ಗೆದ್ದಲು ಹಿಡಿಯಿತು. ಮೊಮ್ಮಗ ಕೆಲಸ ಕಲಿಯುವ ವಯಸ್ಸಿಗೆ ಬಂದಾಗ ಕೇರಿಯಲ್ಲಿ ಕತ್ತಿಗಳಿದ್ದವು, ಹೆಣೆಯಬಲ್ಲ ಕೈಗಳಿದ್ದವು. ಹೆಣೆಯಲು ಏನೂ ಇರಲಿಲ್ಲ. ವಾಡೆ ಬರಿದಾಗಿ ಎಷ್ಟೋ ವರ್ಷವಾಗಿತ್ತು. ಅವನು ಕೂಲಿ ಹುಡುಕಿಕೊಂಡು ಊರೂರು ಅಲೆದ. ಕೆಲಸ ಸಿಕ್ಕ ದಿನ ಉಂಡ. ಸಿಗದ ದಿನ ಹಾಗೆಯೇ ಮಲಗಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಯಜಮಾನನಲ್ಲಿ ದುರಾಸೆಯಿರಲಿಲ್ಲ. ಅವನು ಮಾಡಿದ್ದೆಲ್ಲ ಆ ಮಗುವಿಗಾಗಿಯೇ ಅಲ್ಲವೇ?"

ಗುರು ಹೇಳಿದರು: "ಭಯಪಟ್ಟದ್ದು ತಾತ, ಹಸಿದದ್ದು ಮೊಮ್ಮಗ."